ಅಭಿಪ್ರಾಯವಿದೆ, ವಾದವಿಲ್ಲ ಎಂದರೆ ಏನರ್ಥ?

ಪ್ರಶ್ನೆ: ಸರ್, ನಾನು ಹಾವೇರಿ ಜಿಲ್ಲೆಯವಳು, ವಯಸ್ಸು 27. ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಜೊತೆಗೆ ಕೆಎಎಸ್ ಮುಖ್ಯ ಪರೀಕ್ಷೆಗೆ ಓದುತ್ತಿದ್ದೇನೆ. ಕೋಚಿಂಗ್‌ನವರ ಅಣಕು ಪರೀಕ್ಷೆಯಲ್ಲಿ ‘ಪ್ರಾಥಮಿಕ ಶಿಕ್ಷಣ ಕನ್ನಡದಲ್ಲೇ ಆಗಬೇಕೆ?’ ಎಂಬ ವಿಷಯ ಕೊಟ್ಟಿದ್ದರು. ಆಗಲೇಬೇಕು ಎಂದು ಹನ್ನೊಂದು ಕಾರಣ ಬರೆದೆ. ಯುನೆಸ್ಕೊ, ಜಪಾನ್, ದೊಡ್ಡವರ ಮಾತು, ಗಾದೆ ಎಲ್ಲವನ್ನೂ ಹಾಕಿದೆ. 125ಕ್ಕೆ 46 ಬಂತು. ಅಂಚಿನಲ್ಲಿ ‘ಅಭಿಪ್ರಾಯವಿದೆ, ವಾದವಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಹಾಗೆಂದರೇನು? ನಾನು ಪಿಯುಸಿಯಲ್ಲಿ ತರ್ಕಶಾಸ್ತ್ರ ಓದಿದವಳಲ್ಲ. ಇದು ಸ್ವಭಾವದಿಂದಲೇ ಬರಬೇಕಾದ ವಿದ್ಯೆಯೇ? ಎದುರು ಪಕ್ಷದ ಮಾತನ್ನೂ ಬರೆದರೆ ನನ್ನ ಮಾತು ಸಡಿಲವಾಗುವುದಿಲ್ಲವೇ? ಇನ್ನೊಂದು ಮುಜುಗರ. ನಮ್ಮ ಅಕ್ಕನ ಮಗಳು ಇಂಗ್ಲಿಷ್ ಮೀಡಿಯಂನಲ್ಲಿ ಓದುತ್ತಿದ್ದಾಳೆ, ಅವಳ ಫೀಸಿನಲ್ಲಿ ನನ್ನ ಪಾಲೂ ಇದೆ. ಹೀಗಿರುವಾಗ ಈ ಪ್ರಬಂಧ ಬರೆಯಲು ನನಗೆ ಬಾಯಿದೆಯೇ? ಉತ್ತರಪತ್ರಿಕೆಯ ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಒಂದು ಲೆಕ್ಕ ಹಾಕಿದೆ. ‘ಅಲ್ಲದೆ’, ‘ಹಾಗೆಯೇ’, ‘ಮಾತ್ರವಲ್ಲದೆ’, ‘ಇದರ ಜೊತೆಗೆ’ ಇವೆಲ್ಲ ಸೇರಿ ಹದಿನಾಲ್ಕು ಕಡೆ ಬಂದಿವೆ. ‘ಆದ್ದರಿಂದ’ ಬಂದಿರುವುದು ಒಂದೇ ಕಡೆ, ಕೊನೆಯ ಪ್ಯಾರಾದಲ್ಲಿ. ಕೆಂಪು ಶಾಯಿಯವರು ಹೇಳಿದ್ದು ಇದನ್ನೇ. ನೀವು ಒಂದರ ಪಕ್ಕ ಒಂದು ಕಾರಣ ಜೋಡಿಸುತ್ತಾ ಹೋಗಿದ್ದೀರಿ, ಒಂದರ ಮೇಲೆ ಒಂದನ್ನು ನಿಲ್ಲಿಸಿಲ್ಲ. ಅಂಗಳದಲ್ಲಿ ಇಟ್ಟಿಗೆ ಇಳಿಸಿದ್ದೀರಿ, ಗೋಡೆ ಎದ್ದಿಲ್ಲ.

ಇದು ಸ್ವಭಾವದ ಮಾತಲ್ಲ. ಇಪ್ಪತ್ತಾರು ವರ್ಷ ಪಿಯು ಮಕ್ಕಳಿಗೆ ತರ್ಕಶಾಸ್ತ್ರ ಹೇಳಿದವನು ನಾನು. ತರ್ಕಶಾಸ್ತ್ರದಲ್ಲಿ ತೊಂಬತ್ತೈದು ತೆಗೆದವರು ಪ್ರಬಂಧದಲ್ಲಿ ನಿಮ್ಮ ಹಾಗೆಯೇ ಇಟ್ಟಿಗೆ ಇಳಿಸಿ ಹೋದದ್ದನ್ನು ನೋಡಿದ್ದೇನೆ. ಸಂತೆಯಲ್ಲಿ ಎತ್ತಿಗೆ ರೇಟು ಕಟ್ಟುವ ರೈತ ಹಲ್ಲು, ಗೊರಸು, ನಡಿಗೆ ನೋಡಿ ಎಂಥ ಬಿಗಿಯಾದ ವಾದ ಹೂಡುತ್ತಾನೆ! ಕಾಸು ಕಳೆದುಕೊಳ್ಳುವ ಭಯವಿದ್ದಾಗ ಎಲ್ಲರಿಗೂ ತರ್ಕ ಬರುತ್ತದೆ. ಪ್ರಬಂಧ ಬರೆಯುವಾಗ ಮಾತ್ರ ನಾವು ಅದನ್ನು ಮನೆಯಲ್ಲಿ ಬಿಟ್ಟು ಬರುತ್ತೇವೆ, ಏಕೆಂದರೆ ಶಾಲೆಯಲ್ಲಿ ನಮಗೆ ಕಲಿಸಿದ್ದು ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಆ ಮೂರು ಅಂಕಣದಲ್ಲಿ ವಾದಕ್ಕೆ ಜಾಗವೇ ಇಲ್ಲ.

ನಮ್ಮ ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದ ತರ್ಕಪಂಡಿತರು, ಅನುಮಾನವನ್ನು (ಕಂಡದ್ದರಿಂದ ಕಾಣದ್ದನ್ನು ತಿಳಿಯುವುದನ್ನು) ಐದು ವಾಕ್ಯದಲ್ಲಿ ಹೇಳುತ್ತಿದ್ದರು. ಬೆಟ್ಟದಲ್ಲಿ ಬೆಂಕಿಯಿದೆ: ಇದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು. ಏಕೆಂದರೆ ಹೊಗೆ ಕಾಣುತ್ತಿದೆ: ಹೇತು, ಅಂದರೆ ಕಾರಣ. ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯ ಒಲೆಯಲ್ಲಿ ನೋಡಿಲ್ಲವೇ: ಉದಾಹರಣೆ. ಈ ಬೆಟ್ಟದಲ್ಲಿರುವುದೂ ಅಂಥದೇ ಹೊಗೆ: ಉಪನಯ. ಆದ್ದರಿಂದ ಬೆಟ್ಟದಲ್ಲಿ ಬೆಂಕಿಯಿದೆ: ನಿಗಮನ, ಅಂದರೆ ತೀರ್ಮಾನ. ಕೆಎಎಸ್ ಪ್ರಬಂಧವನ್ನು ಹೀಗೆ ಬರೆಯಿರಿ ಎನ್ನುತ್ತಿಲ್ಲ, ಬರೆದರೆ ಪರೀಕ್ಷಕರು ಓಡಿಹೋಗುತ್ತಾರೆ. ಮೂರನೆಯ ವಾಕ್ಯವನ್ನು ಮಾತ್ರ ಗಮನಿಸಿ. ಒಂದನೆಯದನ್ನೂ ಎರಡನೆಯದನ್ನೂ ಎಲ್ಲರೂ ಬರೆಯುತ್ತಾರೆ. ಇವೆರಡನ್ನು ಹಿಡಿದಿಡುವ ‘ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ’ ಎಂಬ ಕೊಂಡಿಯನ್ನು ಬರೆಯುವವರು ಕಡಿಮೆ. ಶಾಸ್ತ್ರದಲ್ಲಿ ಅದಕ್ಕೆ ವ್ಯಾಪ್ತಿ ಎನ್ನುತ್ತಾರೆ. ವಾದ ಮುರಿಯುವುದು ಹೆಚ್ಚುಪಾಲು ಅಲ್ಲೇ. ಬರೆಯದೆ ಬಿಟ್ಟ ವಾಕ್ಯವನ್ನು ಯಾರೂ ಪರೀಕ್ಷಿಸುವುದಿಲ್ಲ, ಬರೆದವರೂ ಸಹ.

ನಿಮ್ಮ ಪ್ರಬಂಧದಿಂದಲೇ ತೋರಿಸುತ್ತೇನೆ. ‘ಜಪಾನಿನಲ್ಲಿ ಜಪಾನಿ ಭಾಷೆಯಲ್ಲೇ ಶಿಕ್ಷಣ, ಆ ದೇಶ ಮುಂದುವರಿದಿದೆ, ನಾವೂ ಕನ್ನಡದಲ್ಲಿ ಕಲಿಸಬೇಕು’ ಎಂದಿದ್ದೀರಿ. ಬಿಟ್ಟುಹೋದ ಕೊಂಡಿಯನ್ನು ಬರೆದು ನೋಡಿ. ‘ಜಪಾನಿಗೆ ಆದದ್ದು ನಮಗೂ ಆಗುತ್ತದೆ, ಏಕೆಂದರೆ ಈ ವಿಷಯದಲ್ಲಿ ಎರಡೂ ಕಡೆ ಪರಿಸ್ಥಿತಿ ಒಂದೇ.’ ಒಂದೇ ಇದೆಯೇ? ಅಲ್ಲಿ ಮಗು ಒಂದನೇ ತರಗತಿಯಲ್ಲಿ ಕಲಿತ ಭಾಷೆಯಲ್ಲೇ ಎಂಜಿನಿಯರಿಂಗ್ ಓದಬಹುದು, ಕಂಪನಿಯ ಸಂದರ್ಶನ ಕೊಡಬಹುದು. ಇಲ್ಲಿ ಕನ್ನಡ ಮಾಧ್ಯಮದ ಹುಡುಗಿ ಪಿಯು ವಿಜ್ಞಾನಕ್ಕೆ ಕಾಲಿಟ್ಟ ದಿನವೇ ಇಂಗ್ಲಿಷಿಗೆ ಹಾರಬೇಕು. ಹಾಗಾಗಿ ಜಪಾನಿನ ಉದಾಹರಣೆ ಹೇಳುವುದು ಇಷ್ಟೇ: ಮುಂದಿನ ಓದು, ಉದ್ಯೋಗ ಯಾವ ಭಾಷೆಯಲ್ಲಿವೆಯೋ ಆ ಭಾಷೆಯಲ್ಲೇ ಕಲಿತರೆ ಅನುಕೂಲ. ಇದನ್ನೇ ಅಲ್ಲವೇ ಇಂಗ್ಲಿಷ್ ಮೀಡಿಯಂಗೆ ಹಾಕುವ ತಂದೆತಾಯಿ ಹೇಳುವುದು? ಸಾಧಿಸಬೇಕಾದುದಕ್ಕೆ ಉಲ್ಟಾ ಆದುದನ್ನು ಸಾಧಿಸುವ ಕಾರಣಕ್ಕೆ ನ್ಯಾಯಶಾಸ್ತ್ರದಲ್ಲಿ ‘ವಿರುದ್ಧ’ ಎಂಬ ಹೆಸರಿದೆ, ಐದು ಹೇತ್ವಾಭಾಸಗಳಲ್ಲಿ, ಅಂದರೆ ಕಾರಣದಂತೆ ತೋರುವ ಹುಸಿ ಕಾರಣಗಳಲ್ಲಿ, ಅದೂ ಒಂದು. ನಿಮ್ಮ ಪ್ರಬಂಧದಲ್ಲಿ ಜಪಾನ್ ಎದುರಾಳಿಯ ಪರವಾಗಿ ವಕಾಲತ್ತು ವಹಿಸಿದೆ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಮೊದಲ ಪುಟದಲ್ಲಿ ನೀವು ಬಳಸಿದ ಪದ ‘ತಾಯ್ನುಡಿ’. ಮೂರನೇ ಪುಟದ ಹೊತ್ತಿಗೆ ಅದು ಸದ್ದಿಲ್ಲದೆ ‘ಕನ್ನಡ’ ಆಗಿದೆ. ಮಗುವಿಗೆ ಕಲಿಸಲು ತಾಯ್ನುಡಿಯೇ ಉತ್ತಮ ಮಾಧ್ಯಮ ಎಂದು ಯುನೆಸ್ಕೊ ತಜ್ಞರು 1953ರ ವರದಿಯಲ್ಲಿ ಹೇಳಿದ್ದು ನಿಜ. ಆದರೆ 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು ರಾಜ್ಯದ ಜನಸಂಖ್ಯೆಯಲ್ಲಿ ಸುಮಾರು ಶೇ 66. ಉರ್ದು, ತುಳು, ಕೊಂಕಣಿ, ಲಂಬಾಣಿ, ಕೊಡವ ಮನೆಯ ಮಕ್ಕಳಿಗೆ ಆ ವರದಿ ಕನ್ನಡ ಮಾಧ್ಯಮವನ್ನು ಹೇಳುವುದಿಲ್ಲ. ನಿಮ್ಮದೇ ತರಗತಿಯಲ್ಲಿ ತಾಂಡಾದಿಂದ ಬರುವ ಮಕ್ಕಳಿದ್ದಾರೆ ಎಂದು ಐದನೇ ಪುಟದಲ್ಲಿ ನೀವೇ ಬರೆದಿದ್ದೀರಿ! ಕನ್ನಡ ಈ ನೆಲದ ಆಡಳಿತದ, ಬೀದಿಯ, ನೆರೆಹೊರೆಯ ಭಾಷೆ, ಹಾಗಾಗಿ ಎಲ್ಲ ಮಕ್ಕಳಿಗೂ ಬೇಕು ಎನ್ನಬಹುದು. ಒಳ್ಳೆಯ ವಾದವೇ. ಆದರೆ ಅದು ಬೇರೆ ವಾದ, ಅದಕ್ಕೆ ಬೇರೆ ಆಧಾರ ಬೇಕು. ತಾಯ್ನುಡಿಯ ಆಧಾರವನ್ನು ರಾಜ್ಯಭಾಷೆಯ ಲೆಕ್ಕಕ್ಕೆ ಜಮಾ ಮಾಡಲಾಗದು.

ಈಗ ಎದುರು ಪಕ್ಷದ ಒಂದು ವಾದವನ್ನೂ ಒರೆಗೆ ಹಚ್ಚೋಣ, ನೀವು ಅದನ್ನು ಪ್ರಬಂಧದಲ್ಲಿ ಮುಟ್ಟಿಯೇ ಇಲ್ಲ. ‘ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಒಳ್ಳೆಯ ಕೆಲಸ ಸಿಗುತ್ತಿದೆ, ಆದ್ದರಿಂದ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ಬೇಕು.’ ಕಣ್ಣೆದುರಿಗೇ ಕಾಣುವುದರಿಂದ ಇದು ಬಲವಾದ ಮಾತು.

ನೈಯಾಯಿಕರ ಹೊಗೆ-ಬೆಂಕಿಗೆ ಮತ್ತೆ ಬರೋಣ. ಹೊಗೆ ಕಂಡರೆ ಬೆಂಕಿ ಇದೆ ಎನ್ನಬಹುದು. ಬೆಂಕಿ ಕಂಡರೆ ಹೊಗೆ ಇದೆ ಎನ್ನಬಹುದೇ? ಇಲ್ಲ ಎನ್ನುತ್ತಾರೆ ಅವರು, ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸಿ. ಅದರಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯ ಜೊತೆ ಹೊಗೆ ಬರಬೇಕಾದರೆ ಇನ್ನೊಂದು ವಸ್ತು ಬೇಕು, ಹಸಿ ಸೌದೆ. ನಾವು ಒಲೆ ನೋಡುವಾಗಲೆಲ್ಲ ಅಲ್ಲಿ ಹಸಿ ಸೌದೆಯೂ ಇದ್ದುದರಿಂದ ಹೊಗೆಯ ಯಶಸ್ಸನ್ನೆಲ್ಲ ಬೆಂಕಿಯ ಹೆಸರಿಗೆ ಬರೆದುಬಿಟ್ಟೆವು. ಹೀಗೆ ಮರೆಯಲ್ಲಿ ನಿಂತು ಕೆಲಸ ಮಾಡುವ ಷರತ್ತಿಗೆ ಅವರಿಟ್ಟ ಹೆಸರು ಉಪಾಧಿ. ನನ್ನ ಮಟ್ಟಿಗೆ, ಪ್ರಬಂಧ ಬರೆಯುವವರು ಭಾರತೀಯ ತರ್ಕದಿಂದ ಒಂದೇ ಒಂದು ಮಾತು ಎರವಲು ಪಡೆಯಬೇಕೆಂದರೆ ಇದನ್ನೇ ಪಡೆಯಬೇಕು.

ಇಂಗ್ಲಿಷ್ ಮಾಧ್ಯಮದ ವಾದದಲ್ಲಿ ಹಸಿ ಸೌದೆ ಯಾವುದು? ಮನೆಯ ಆದಾಯ. ಓದಿದ ತಂದೆತಾಯಿ. ಪೇಟೆಯ ವಾಸ. ಟ್ಯೂಷನ್. ಈ ಮನೆಗಳ ಮಕ್ಕಳೇ ಹೆಚ್ಚಾಗಿ ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವುದರಿಂದ ಕೆಲಸ ಸಿಕ್ಕಿದ್ದು ಮಾಧ್ಯಮದಿಂದಲೋ ಮನೆಯಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. ಕಾದ ಕಬ್ಬಿಣದ ಗುಂಡೂ ನಮ್ಮ ಮುಂದಿದೆ. ತಿಂಗಳಿಗೆ ಸಾವಿರ ರೂಪಾಯಿ ಫೀಸಿನ ಸಣ್ಣ ‘ಕಾನ್ವೆಂಟ್’ನಲ್ಲಿ ಇಂಗ್ಲಿಷಿನಲ್ಲೇ ಬಾಯಿಪಾಠ ಮಾಡಿ, ಹತ್ತನೇ ತರಗತಿಯಲ್ಲಿ ಎರಡೂ ಭಾಷೆಯಲ್ಲಿ ಒಂದು ಅರ್ಜಿ ಬರೆಯಲಾಗದ ಮಕ್ಕಳು.

ಖುಷಿಪಡುವ ಮುನ್ನ ಅದೇ ಒರೆಗಲ್ಲನ್ನು ನಿಮ್ಮ ಕಡೆಗೂ ತಿರುಗಿಸಿ. ‘ನಮ್ಮ ನಾಡಿನ ದೊಡ್ಡ ವಿಜ್ಞಾನಿಗಳು, ಸಾಹಿತಿಗಳು ಕನ್ನಡ ಶಾಲೆಯಲ್ಲೇ ಓದಿದವರು’ ಎಂದಿದ್ದೀರಿ. ಅವರ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಬೇರೆ ಶಾಲೆ ಎಲ್ಲಿತ್ತು? ಅದೇ ಶಾಲೆಯಲ್ಲಿ ಓದಿ ನಾಲ್ಕನೇ ತರಗತಿಗೆ ದನ ಕಾಯಲು ಹೋದವರನ್ನು ಯಾರೂ ಪ್ರಬಂಧದಲ್ಲಿ ಬರೆಯುವುದಿಲ್ಲ. ಗೆದ್ದವರನ್ನು ಮಾತ್ರ ಎಣಿಸಿದರೆ ಯಾವ ದಾರಿಯಾದರೂ ಗೆಲುವಿನ ದಾರಿಯಂತೆಯೇ ಕಾಣುತ್ತದೆ. ಆ ಪ್ಯಾರಾ ತೆಗೆದುಹಾಕಿ, ಪ್ರಬಂಧಕ್ಕೆ ಏನೂ ನಷ್ಟವಿಲ್ಲ.

ಹನ್ನೊಂದು ಕಾರಣಗಳ ಬಗ್ಗೆಯೂ ಇದೇ ಮಾತು. ಕಾರಣ ಹೆಚ್ಚಿದಷ್ಟೂ ವಾದ ಗಟ್ಟಿ ಎಂಬುದು ಪರೀಕ್ಷಾರ್ಥಿಗಳಲ್ಲಿ ಬೇರೂರಿದ ನಂಬಿಕೆ. ಮೌಲ್ಯಮಾಪನಕ್ಕೆ ಕೂತಾಗ ನನಗೆ ಆಗುತ್ತಿದ್ದುದು ಬೇರೆ. ಎಂಟನೇ ಕಾರಣ ಪೊಳ್ಳು ಎಂದು ಗೊತ್ತಾದ ಕೂಡಲೇ ಮೊದಲ ಮೂರರ ಮೇಲೂ ಅನುಮಾನ ಹುಟ್ಟುತ್ತಿತ್ತು. ಮೂರು ಕಾರಣ ಸಾಕು, ಒಂದೊಂದಕ್ಕೂ ಒಂದೂವರೆ ಪುಟ ಕೊಡಿ.

ದೊಡ್ಡವರ ಮಾತು, ಗಾದೆ ಪುರಾವೆಯಲ್ಲ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದವರೇ ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದೂ ಹೇಳಿದ್ದಾರೆ, ಬೇಕಾದ್ದನ್ನು ಆರಿಸಿಕೊಳ್ಳಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಅಂಕಿಅಂಶವನ್ನು ಎರಡನೇ ಪುಟದಲ್ಲಿ ಹಾಕಿದ್ದೀರಲ್ಲ, ಅದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ. ಮೂಲ ಗೊತ್ತಿಲ್ಲದ ಸಂಖ್ಯೆಗಿಂತ ಸಂಖ್ಯೆಯೇ ಇಲ್ಲದ ವಾಕ್ಯ ಮೇಲು.

ಎದುರು ಪಕ್ಷವನ್ನು ಹೇಳಿದರೆ ನನ್ನದು ಸಡಿಲವಾಗುತ್ತದೆ ಎಂಬ ಭಯಕ್ಕೆ ಬರುತ್ತೇನೆ. ನಮ್ಮ ಭಾಷ್ಯಕಾರರು ಪೂರ್ವಪಕ್ಷವನ್ನು, ಅಂದರೆ ಎದುರು ಪಕ್ಷದ ವಾದವನ್ನು, ಎಷ್ಟು ಚೆನ್ನಾಗಿ ಹೂಡುತ್ತಿದ್ದರೆಂದರೆ, ಹೊಸಬರು ಅದನ್ನೇ ಅವರ ಸಿದ್ಧಾಂತವೆಂದು ತಪ್ಪು ತಿಳಿಯುವುದುಂಟು. ಎದುರಾಳಿಯೇ ಓದಿ ‘ನಾನೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ’ ಎನ್ನುವ ಹಾಗೆ ಪೂರ್ವಪಕ್ಷ ಬರೆದವರ ಉತ್ತರಕ್ಕೆ ತೂಕ ಬರುತ್ತದೆ. ಸಡಿಲವಾಗುವುದು ಯಾವಾಗ ಎಂದರೆ ಎದುರು ಪಕ್ಷವನ್ನು ಪೂರ್ತಿ ಹೇಳಿ ಉತ್ತರವನ್ನು ಅರ್ಧ ಹೇಳಿದಾಗ. ಅದಕ್ಕೆ ಹೆದರಿ ಹುಲ್ಲಿನ ಬೆದರುಗೊಂಬೆಯೊಂದನ್ನು ನಿಲ್ಲಿಸಿ ಹೊಡೆಯಬೇಡಿ. ‘ಇಂಗ್ಲಿಷ್ ವ್ಯಾಮೋಹಿಗಳು’ ಎಂಬ ನಿಮ್ಮ ಪದ ಅಂಥ ಬೆದರುಗೊಂಬೆ. ನ್ಯಾಯಸೂತ್ರಗಳು ಚರ್ಚೆಯಲ್ಲಿ ಮೂರು ಬಗೆ ಹೇಳುತ್ತವೆ. ಸತ್ಯ ತಿಳಿಯಲು ನಡೆಸುವುದು ವಾದ, ಗೆಲ್ಲಲು ನಡೆಸುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಇನ್ನೊಬ್ಬರದನ್ನು ಕೆಡವುವುದು ವಿತಂಡ. ಮೂರನೆಯದಕ್ಕೆ ಉದಾಹರಣೆ ಬೇಕಿದ್ದರೆ ರಾತ್ರಿ ಒಂಬತ್ತಕ್ಕೆ ಟೀವಿ ಹಾಕಿ.

ನಿಮ್ಮ ಪ್ರಬಂಧದ ದೊಡ್ಡ ಬಿರುಕು ಇವು ಯಾವುದೂ ಅಲ್ಲ. ಅದು ಆಧಾರಕ್ಕೂ ಪ್ರತಿಜ್ಞೆಗೂ ಅಳತೆ ಹೊಂದದಿರುವುದು. ಮಕ್ಕಳು ತಾಯ್ನುಡಿಯಲ್ಲಿ ಚೆನ್ನಾಗಿ ಕಲಿಯುತ್ತಾರೆ ಎಂದು ನಾಲ್ಕು ಪುಟ ಹೇಳಿದ ನಂತರ ‘ಆದ್ದರಿಂದ ಸರ್ಕಾರ ಕನ್ನಡ ಮಾಧ್ಯಮವನ್ನು ಎಲ್ಲ ಶಾಲೆಗಳಿಗೂ ಕಡ್ಡಾಯ ಮಾಡಬೇಕು’ ಎಂದು ಮುಗಿಸಿದ್ದೀರಿ. ‘ಒಳ್ಳೆಯದು’ ಎಂಬಲ್ಲಿಂದ ‘ಕಡ್ಡಾಯ’ ಎಂಬಲ್ಲಿಗೆ ಸೇತುವೆ ಎಲ್ಲಿದೆ? ಬೆಳಿಗ್ಗೆ ಎದ್ದು ನಡೆಯುವುದು ಒಳ್ಳೆಯದು, ಕಾನೂನು ಮಾಡಬಹುದೇ?

ಈ ಸೇತುವೆಯ ಮೇಲೆಯೇ ಕರ್ನಾಟಕ ಸರ್ಕಾರ ಇಪ್ಪತ್ತು ವರ್ಷ ನ್ಯಾಯಾಲಯ ಅಲೆದಿದೆ. 1994ರ ಏಪ್ರಿಲ್ 29ರ ಆದೇಶ ಒಂದರಿಂದ ನಾಲ್ಕನೇ ತರಗತಿವರೆಗೆ ಮಾಧ್ಯಮ ತಾಯ್ನುಡಿ ಅಥವಾ ಕನ್ನಡ ಇರಬೇಕೆಂದಿತು. 2008ರಲ್ಲಿ ಹೈಕೋರ್ಟ್, ಅನುದಾನರಹಿತ ಖಾಸಗಿ ಶಾಲೆಗಳ ಮೇಲೆ ಅದನ್ನು ಹೇರುವಂತಿಲ್ಲ ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಸರ್ಕಾರದ ವಿರುದ್ಧವೇ ತೀರ್ಪು ಕೊಟ್ಟಿತು. ಕನ್ನಡ ಅಭಿಮಾನಿಯಾಗಿ ನನಗೆ ಅದು ಸಿಹಿ ಸುದ್ದಿಯಾಗಿರಲಿಲ್ಲ. ತರ್ಕದ ಮೇಷ್ಟ್ರಾಗಿ ಓದಿದಾಗ ಮಾತ್ರ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು ಅನ್ನಿಸಿತು. ತಾಯ್ನುಡಿಯಲ್ಲಿ ಮಕ್ಕಳು ಚೆನ್ನಾಗಿ ಕಲಿಯುತ್ತಾರೆ ಎಂಬುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ತಜ್ಞರು ಒಮ್ಮತದಿಂದ ಹಾಗೆ ಹೇಳಿದರೂ ಅದನ್ನು ಹೇರುವ ಅಧಿಕಾರ ಸರ್ಕಾರಕ್ಕಿಲ್ಲ, ಆಯ್ಕೆ ಮಗು ಮತ್ತು ಪೋಷಕರದ್ದು ಎಂಬ ಧಾಟಿಯಲ್ಲಿ ಸಾಗಿತು ತೀರ್ಪು. ಅಂದರೆ ಹೇತು ಉಳಿಯಿತು, ನಿಗಮನ ಬಿತ್ತು.

ನೀವು ಉಲ್ಲೇಖಿಸಿದ ಕಾನೂನುಗಳನ್ನೇ ಇನ್ನೊಮ್ಮೆ ಓದಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಾಧ್ಯಮ ತಾಯ್ನುಡಿಯಲ್ಲಿರಲಿ ಎನ್ನುತ್ತದೆ, ಜೊತೆಗೆ ‘ಕಾರ್ಯಸಾಧ್ಯವಾದಷ್ಟು’ ಎಂಬ ಮಾತು ಸೇರಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ 5ನೇ ತರಗತಿವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆ ಎನ್ನುತ್ತದೆ, ‘ಸಾಧ್ಯವಿರುವ ಕಡೆ’ ಎಂಬ ಷರತ್ತಿನೊಡನೆ. ಬರೆದವರು ತೂಗಿ ಇಟ್ಟ ಆ ಪದಗಳನ್ನು ನೀವು ಉದ್ಧರಣೆಯಲ್ಲಿ ಬಿಟ್ಟುಬಿಟ್ಟಿದ್ದೀರಿ. ವಿಷಯ ಬಲ್ಲ ಪರೀಕ್ಷಕರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಹಾಗಾದರೆ ಪ್ರಬಂಧವನ್ನು ಹೇಗೆ ಮರುಕಟ್ಟುವುದು? ದಾರಿಗಳು ಹಲವಿವೆ, ಯಾವುದೂ ಪುಕ್ಕಟೆಯಲ್ಲ.

ಕಡ್ಡಾಯವನ್ನೇ ಸಮರ್ಥಿಸಬಹುದು. ಆಗ 2014ರ ತೀರ್ಪನ್ನು ನೇರವಾಗಿ ಎದುರಿಸಬೇಕು, ಸಂವಿಧಾನ ತಿದ್ದುಪಡಿಯ ತನಕ ಮಾತು ಹೋಗುತ್ತದೆ, ಪೋಷಕರ ಆಯ್ಕೆಯನ್ನು ಏಕೆ ಮೀರಬಹುದು ಎಂದು ಹೇಳಬೇಕು. ಧೈರ್ಯದ ದಾರಿ, ಆದರೆ ಕಾನೂನು ಚೆನ್ನಾಗಿ ಗೊತ್ತಿಲ್ಲದವರು ಮಧ್ಯದಲ್ಲಿ ಹೂತುಹೋಗುತ್ತಾರೆ. ಅಥವಾ ಎರಡೂ ಕಡೆಯದನ್ನು ಸಮನಾಗಿ ಹೇಳಿ ‘ಸಮತೋಲನ ಬೇಕು’ ಎಂದು ಮುಗಿಸಬಹುದು. ಕೋಚಿಂಗ್‌ನವರಿಗೆ ಪ್ರಿಯವಾದ ದಾರಿ ಇದು. ಸೋಲುವ ಅಪಾಯ ಕಡಿಮೆ, ಆದರೆ ‘ಆಗಬೇಕೆ?’ ಎಂದು ಕೇಳಿದ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಹೌದು-ಇಲ್ಲ ಎನ್ನಬೇಕಾದ ಕಡೆ ನುಣುಚಿಕೊಳ್ಳುವವರು ಅಧಿಕಾರಿಯಾದ ಮೇಲೆ ಕಡತವನ್ನು ಮುಂದಿನ ಮೇಜಿಗೆ ತಳ್ಳುವವರೇ ಎಂದು ನನ್ನ ಜೊತೆ ಮೌಲ್ಯಮಾಪನ ಮಾಡುತ್ತಿದ್ದ ಒಬ್ಬರು ಗೊಣಗುತ್ತಿದ್ದರು.

ನಾನಾದರೆ ಪ್ರತಿಜ್ಞೆಯನ್ನು ಸಣ್ಣದು ಮಾಡುತ್ತೇನೆ. ಸರ್ಕಾರಿ ಶಾಲೆಗಳಲ್ಲಿ ಮಾಧ್ಯಮ ಕನ್ನಡವೇ ಇರಲಿ, ಇಂಗ್ಲಿಷನ್ನು ಒಂದು ವಿಷಯವಾಗಿ ಮೊದಲಿನಿಂದ ಚೆನ್ನಾಗಿ ಕಲಿಸಲಿ, ಪೋಷಕರು ಒತ್ತಾಯವಿಲ್ಲದೆ ಆರಿಸಿಕೊಳ್ಳುವಂತಾಗಲಿ. ಇದಕ್ಕೆ ನಿಮ್ಮಲ್ಲಿರುವ ಆಧಾರ ಸಾಲುತ್ತದೆ. ಅಪಾಯವೂ ಇದೆ. ‘ಚೆನ್ನಾಗಿ ಕಲಿಸಲಿ’ ಎಂಬುದು ಎಲ್ಲರೂ ತಲೆದೂಗುವ ಟೊಳ್ಳು ಮಾತಾಗಬಹುದು. ಶಿಕ್ಷಕರು ಎಲ್ಲಿಂದ, ಎಷ್ಟು ತರಗತಿ, ಯಾವ ತರಬೇತಿ ಎಂದು ಹೇಳಬೇಕಾಗುತ್ತದೆ. 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತಲ್ಲ, ಅದಕ್ಕೂ ಉತ್ತರಿಸಬೇಕು. ಬಡವರ ಮಕ್ಕಳಿಗೆ ಮಾತ್ರ ಕನ್ನಡದ ಹೊಣೆ ಏಕೆ ಎಂಬ ಪ್ರಶ್ನೆ ಅದರ ಹಿಂದಿದೆ, ಅದು ಹಗುರವಾದ ಪ್ರಶ್ನೆಯಲ್ಲ.

ನಿಮ್ಮ ಪ್ರಬಂಧದ ಅತ್ಯುತ್ತಮ ವಾಕ್ಯ ಐದನೇ ಪುಟದ ಕೊನೆಯಲ್ಲಿ ಮುದುಡಿ ಕೂತಿದೆ. ಖಾಸಗಿ ಶಾಲೆ ಬಿಟ್ಟು ನಿಮ್ಮಲ್ಲಿಗೆ ಬಂದ ಹುಡುಗ ‘ಫೋಟೋಸಿಂಥೆಸಿಸ್’ನ ಸ್ಪೆಲಿಂಗ್ ಪಟಪಟ ಹೇಳುತ್ತಾನೆ, ಎಲೆಗೆ ಬಿಸಿಲು ಏಕೆ ಬೇಕು ಎಂದರೆ ಕಿಟಕಿ ನೋಡುತ್ತಾನೆ. ಭಾವನೆ ತರ್ಕಕ್ಕೆ ಶತ್ರು ಎಂದು ಯಾರೋ ಹೇಳಿದ್ದರಿಂದ ಅದನ್ನು ಅಲ್ಲಿಗೆ ತಳ್ಳಿದಿರೇನೋ. ಒಬ್ಬ ಹುಡುಗ ಪುರಾವೆಯಾಗಲಾರ, ಒಪ್ಪುತ್ತೇನೆ. ಆದರೆ ಓದುಗರಿಗೆ ನೀವು ಏನು ಹೇಳುತ್ತಿದ್ದೀರಿ ಎಂದು ಕಾಣಿಸುವವನು ಅವನೇ. ಅವನನ್ನು ಮೊದಲ ಪುಟಕ್ಕೆ ತನ್ನಿ, ಹೀಗೆ:

‘ಸ್ಪೆಲಿಂಗ್ ಗೊತ್ತಿದ್ದೂ ಅರ್ಥ ಗೊತ್ತಿರದ ಹುಡುಗನೊಬ್ಬ ನನ್ನ ತರಗತಿಯಲ್ಲಿದ್ದಾನೆ. ಅವನೊಬ್ಬನಿಂದ ಏನೂ ಸಾಬೀತಾಗದು. ಆದರೆ ಹೊಸ ವಿಷಯ ಮತ್ತು ಹೊಸ ಭಾಷೆ ಎರಡನ್ನೂ ಒಟ್ಟಿಗೆ ಹೊರಿಸಿದರೆ ಮಗು ಯಾವುದೋ ಒಂದನ್ನು ಕೆಳಗಿಡುತ್ತದೆ. ಕೆಳಗಿಡುವುದು ಅರ್ಥವನ್ನೇ, ಏಕೆಂದರೆ ಪರೀಕ್ಷೆ ಕೇಳುವುದು ಪದವನ್ನು. ಆದ್ದರಿಂದ ಇಂಗ್ಲಿಷ್ ಕಲಿಸಬೇಕೆ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಇಂಗ್ಲಿಷ್ ಕಲಿಯುವವರೆಗೆ ವಿಜ್ಞಾನ ಕಾಯಬೇಕೆ ಎಂಬುದು ಪ್ರಶ್ನೆ.’

ಇದರಲ್ಲಿ ಕೊಂಡಿ ಬರಹದಲ್ಲೇ ಇದೆ: ಎರಡು ಹೊರೆ, ಒಂದು ಕೆಳಗೆ. ಒಪ್ಪದವರು ಎಲ್ಲಿ ಒಪ್ಪುವುದಿಲ್ಲ ಎಂದು ಬೆರಳಿಟ್ಟು ತೋರಿಸಬಹುದು. ತಾಂಡಾದ ಮಗುವಿಗೆ ಕನ್ನಡವೂ ಹೊಸ ಭಾಷೆಯೇ ಅಲ್ಲವೇ ಎಂದು ಕೇಳಲೂಬಹುದು, ಅದಕ್ಕೆ ಎರಡನೇ ಪುಟದಲ್ಲಿ ಸಿದ್ಧರಾಗಿರಿ.

ಪರೀಕ್ಷೆಯಲ್ಲಿ ಮೂರು ಗಂಟೆ, ಎರಡು ಪ್ರಬಂಧ. ಒಂದೊಂದಕ್ಕೂ ಮೊದಲ ಹದಿನೈದು ನಿಮಿಷ ಹಿಂದಿನ ಹಾಳೆಯಲ್ಲಿ ಕಳೆಯಿರಿ. ಪ್ರತಿಜ್ಞೆ ಒಂದು ವಾಕ್ಯ, ಮೂರು ಕಾರಣ, ಪ್ರತಿ ಕಾರಣದ ಕೆಳಗೆ ಬಿಟ್ಟುಹೋಗುವ ಕೊಂಡಿ, ಅದರ ಪಕ್ಕ ‘ಹಸಿ ಸೌದೆ?’ ಎಂಬ ಪ್ರಶ್ನೆ. ಉತ್ತರ ಹೊಳೆಯದ ಕಾರಣವನ್ನು ಹೊಡೆದುಹಾಕಿ. ಇನ್ನೊಂದು ಎಚ್ಚರಿಕೆ, ಹೇತ್ವಾಭಾಸಗಳ ಹೆಸರುಗಳನ್ನು ಪ್ರಬಂಧದೊಳಗೆ ತರಬೇಡಿ. ಎದುರಾಳಿಯ ವಾದದಲ್ಲಿ ದೋಷವಿದೆ ಎಂದ ಮಾತ್ರಕ್ಕೆ ಅವರ ನಿರ್ಣಯ ಸುಳ್ಳಾಗುವುದಿಲ್ಲ, ಕೆಟ್ಟ ಕಾರಣ ಕೊಟ್ಟು ಸರಿಯಾದ ಮಾತು ಹೇಳುವವರು ನಮ್ಮ ಮನೆಯಲ್ಲೇ ಇರುತ್ತಾರೆ.

ಕೊನೆಗೆ ನಿಮ್ಮ ಮುಜುಗರ. ಬೀಡಿ ಸೇದುವ ಡಾಕ್ಟರು ಬೀಡಿ ಬಿಡಿ ಎಂದರೆ ಅವರ ಮಾತು ಸುಳ್ಳಾಗುವುದಿಲ್ಲ. ಯಾರು ಹೇಳಿದರು ಎಂಬುದರಿಂದ ವಾದ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ. ಬರೆಯಲು ನಿಮಗೆ ಬಾಯಿದೆ. ಆದರೆ ಆ ಮುಜುಗರವನ್ನು ಸುಮ್ಮನೆ ಒರೆಸಿ ಹಾಕಬೇಡಿ. ಕನ್ನಡ ಶಾಲೆಯ ಶಿಕ್ಷಕಿಯೇ ಇರುವ ಮನೆಯಲ್ಲಿ ಮಗುವನ್ನು ಇಂಗ್ಲಿಷ್ ಮೀಡಿಯಂಗೆ ಏಕೆ ಹಾಕಿದಿರಿ? ನಾನು ಊಹಿಸಬಲ್ಲೆ, ಆದರೆ ನನ್ನ ಊಹೆ ಬೇಡ. ಇವತ್ತು ಸಂಜೆ ಅಕ್ಕನ ಹತ್ತಿರ ಕೂತು ಕೇಳಿ. ಮಧ್ಯೆ ಬಾಯಿ ಹಾಕದೆ, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ನಿಮ್ಮ ಪೂರ್ವಪಕ್ಷ ಅದು. ಉತ್ತರ ಬರೆದ ಮೇಲೆ ಮೊದಲು ಅವರಿಗೇ ಓದಿ ಹೇಳಿ, ಆಮೇಲೆ ನನಗೆ ಕಳಿಸಿ.